ಜವಾಬಿಲ್ಲದೆ ಓಡಿದ ಹಾಡು

ಹಾಡು ಬರೆಯುವುದನ್ನು ಕಲಿಯಬೇಕೆಂದು ಕೊಟ್ಟೂರಿನ ನನ್ನ ಮನೆಗೆ ಬರುವ ತರುಣ ತರುಣಿಯರು ಚಪ್ಪಲಿ ಬಿಡುವ ಮೊದಲೇ ಒಂದು ಮಾತು ಹೇಳುತ್ತಾರೆ: “ಸರ, ‘ಕರದ್ರ ಬರಾಕಿ’ ಹಾಡು ನಿಮ್ದಂತ ಗೊತ್ತಾತ್ರಿ.” ಗೌರವದಿಂದಲೇ ಹೇಳುತ್ತಾರೆ. ನಾನು ಅವರನ್ನು ಕೂರಿಸಿ, ನೀರು ಕೊಡಿಸಿ, ಆ ಹಾಡು ನನ್ನದಲ್ಲ ಎನ್ನುತ್ತೇನೆ. ಅವರು ಅದನ್ನು ಹಿರಿಯರ ವಿನಯವೆಂದು ತಿಳಿದು ನಗುತ್ತಾರೆ. ಅದು ವಿನಯವಲ್ಲ, ಸಿಟ್ಟು. ಬಂದವರಿಗೆಲ್ಲ ಮತ್ತೆ ಮತ್ತೆ ವಿವರಿಸಿ ದಣಿದಿದ್ದೇನೆ. ಆದ್ದರಿಂದ ಆ ಹಾಡು ಏನಾಗಿತ್ತು, ಏನಾಯಿತು, ಯಾರಿಗೆ ಏನು ಮಾಡಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಈ ವೃತ್ತಿಗೆ ಬರುವವರು ಓದಿಕೊಂಡು ಬರಲಿ.

ನನ್ನ ತಂದೆ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲರು. ನಮ್ಮ ಮನೆತನದಲ್ಲಿ ಪದವಿಯ ತನಕ ಓದಿದವರಲ್ಲಿ ನಾನೇ ಮೊದಲಿಗ. ಮೊದಲಿಗನಿಗೆ ಒಂದು ಭಯವಿರುತ್ತದೆ. ತಾನು ತಪ್ಪು ಮಾತನಾಡಿದರೆ ಅದು ತನ್ನೊಬ್ಬನ ತಪ್ಪಾಗಿ ಉಳಿಯುವುದಿಲ್ಲ, ‘ಇವರು ಓದಿದರೆ ಇಷ್ಟೇ’ ಎನ್ನಿಸಿಕೊಳ್ಳಬೇಕಾಗುತ್ತದೆ ಎಂಬ ಭಯ ಅದು. ಆ ಭಯದಲ್ಲಿ ನಾನು ಬರೆದ ಮೊದಲ ನಾಟಕದ ಹಾಡುಗಳಲ್ಲಿ ನಿಘಂಟಿನಿಂದ ಎತ್ತಿಕೊಳ್ಳದ ಪದವೇ ಇರಲಿಲ್ಲ. ಚಿಗಟೇರಿಯ ನಾಟಕವೊಂದಕ್ಕೆ ‘ವಿರಹಾಗ್ನಿಯ ಜ್ವಾಲಾಮಾಲೆ’ ಎಂದು ನಾಯಕಿಯ ಹಾಡನ್ನು ಆರಂಭಿಸಿದ್ದೆ. ಹೊರಗಿನಿಂದ ಕರೆಸಿದ್ದ ಕಲಾವಿದೆ ಅದನ್ನು ಒಮ್ಮೆ ಓದಿ, ಕಾಗದವನ್ನು ಹಾರ್ಮೋನಿಯಂ ಪೇಟಿಯ ಮೇಲಿಟ್ಟು, “ಈ ಹಾಡಿಗೆ ಬ್ಯಾರೆ ಹಲ್ಲು ಕಟ್ಟಿಸಿಕೊಂಡು ಬರಬೇಕೇನ್ರಿ?” ಎಂದರು. ತಾಲೀಮಿನ ಮನೆಯೆಲ್ಲ ನಕ್ಕಿತು. ಪೇಟಿ ನುಡಿಸುತ್ತಿದ್ದ ಬಸವಂತಪ್ಪ ಮಾಸ್ತರರು ಮಾತ್ರ ನಗಲಿಲ್ಲ. ನನ್ನನ್ನು ಅವರು ಎಂದೂ ಹೆಸರಿನಿಂದ ಕರೆದವರಲ್ಲ.

“ಲೇ ಬಿ.ಎ.,” ಎಂದರು, “ಹಾಡು ಹಾಡೋರ ಬಾಯಾಗ ಇರಬೇಕು. ನಿನ್ನ ಪೆನ್ನಿನ್ಯಾಗ ಇದ್ರ ಯಾರಿಗೆ ಬೇಕೋ ಅದು?”

ನನ್ನ ವೃತ್ತಿಗೆ ಗುರುಗಳು, ಮೇಲಧಿಕಾರಿಗಳು ಎಲ್ಲ ಅವರೊಬ್ಬರೇ. ಅವರು ಹೊಗಳಿದ ನೆನಪು ನನಗಿಲ್ಲ. ಬರೆದು ತಂದದ್ದನ್ನು ಓದಿಸಿ, ಎಲ್ಲಿ ಉಸಿರು ಸಿಗುವುದಿಲ್ಲವೋ ಅಲ್ಲಿ ಪೇಟಿಯ ತಿದಿಯನ್ನು ಒತ್ತುವುದನ್ನು ನಿಲ್ಲಿಸಿಬಿಡುತ್ತಿದ್ದರು. ಸ್ವರ ಸಾಯುತ್ತಿತ್ತು. ಸಾಲು ಉದ್ದವಾಗಿದೆ ಎಂದು ಅರ್ಥ.

ಸವಾಲು-ಜವಾಬು ಬರೆಯಲು ಕಲಿಸಿದವರೂ ಅವರೇ. ಕ್ಯಾಸೆಟ್ಟಿನ ದಿನಗಳಲ್ಲಿ ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ಕಡೆ ಅದಕ್ಕೆ ಬಹಳ ಬೇಡಿಕೆ ಇತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಗಂಡಿನ ಸವಾಲು, ಇನ್ನೊಂದು ಮಗ್ಗುಲಿಗೆ ಹೆಣ್ಣಿನ ಜವಾಬು. ಗಂಡು ಕೆಣಕಬೇಕು, ಕೊಂಕು ಆಡಬೇಕು, ಮಿತಿ ಮೀರಬೇಕು. ಅವನು ಎಷ್ಟು ಎತ್ತರಕ್ಕೆ ಹತ್ತಿದರೆ ಹೆಣ್ಣು ಅಷ್ಟು ಎತ್ತರದಿಂದ ಅವನನ್ನು ಕೆಡವಬಹುದು. ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಸವಾಲು ಮುಗಿಯುತ್ತಲೇ ಹಿಂದಿನ ಸೀಟಿನಿಂದ ಹೆಂಗಸರ ದನಿ ಬರುತ್ತಿತ್ತು: “ಏ ಡ್ರೈವರಣ್ಣ, ಈಗ ನಮ್ಮದು ಹಚ್ಚು.” ಆತ ಕ್ಯಾಸೆಟ್ಟನ್ನು ತಿರುಗಿಸಲೇಬೇಕಾಗುತ್ತಿತ್ತು. ಸವಾಲನ್ನು ಮಾತ್ರ ಕೇಳಿ ಬಸ್ಸಿನಿಂದ ಇಳಿದವರನ್ನು ನಾನು ಕಂಡಿಲ್ಲ.

ಜವಾಬು ಹೇಗೆ ಆರಂಭವಾಗಬೇಕೆಂಬುದಕ್ಕೆ ಮಾಸ್ತರರದು ಒಂದೇ ಕ್ರಮ. ಹೆಣ್ಣು ಮೊದಲು ಒಂದು ಸಲ ನಗಬೇಕು, ಆಮೇಲೆ ಪದ ಎತ್ತಬೇಕು. ಬೈದರೆ ಸೋತಳೆನ್ನುತ್ತಾರೆ, ಅತ್ತರೆ ಒಪ್ಪಿಕೊಂಡಳೆನ್ನುತ್ತಾರೆ, ನಕ್ಕರೆ ಮಾತ್ರ ಗಂಡಿನ ಕೈಕಾಲು ತಣ್ಣಗಾಗುತ್ತವೆ ಎಂದು ಅವರು ವಿವರಿಸುತ್ತಿದ್ದರು. ಆ ನಗೆ ಎರಡನೆಯ ಮಗ್ಗುಲಿನ ಬಾಗಿಲು.

ಇನ್ನು ಆ ಹಾಡಿನ ವಿಷಯ.

ಕ್ಯಾಸೆಟ್ಟಿನ ಕಾಲ ಮುಗಿದು ಫೋನಿನ ಕಾಲ ಬಂದ ಮೇಲೆ ಒಂದು ದಿನ, ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿಗೆ ಒಬ್ಬ ಮನುಷ್ಯ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ನೌಕರಿಯ ಗುರುತಿನ ಚೀಟಿ. ಮೊಬೈಲನ್ನು ಗೆಳೆಯರ ನಡುವೆ ಮೇಜಿನ ಮೇಲಿಟ್ಟು ಒಂದೊಂದೇ ಫೋಟೊ ಸರಿಸುತ್ತಿದ್ದ. ಅದು ಅಪರಿಚಿತರನ್ನು ಭೇಟಿ ಮಾಡಿಸುವ ಆ್ಯಪ್. ಫೋಟೊ ಮೆಚ್ಚಿದರೆ ಒಂದು ಕಡೆಗೆ, ಮೆಚ್ಚದಿದ್ದರೆ ಇನ್ನೊಂದು ಕಡೆಗೆ ಬೆರಳು ಎಳೆಯಬೇಕು. ಇಬ್ಬರೂ ಮೆಚ್ಚಿದರೆ ಮಾತು, ಮಾತು ಕೂಡಿದರೆ ಎಲ್ಲಾದರೂ ಒಂದು ಸಂಜೆ ಭೇಟಿ, ಮರುದಿನ ಅವರವರ ದಾರಿ. ಹಿಂದಿನ ವಾರ ತನ್ನನ್ನು ಹಾಗೆ ಭೇಟಿಯಾಗಿದ್ದ ಹೆಣ್ಣುಮಗಳೊಬ್ಬಳ ಫೋಟೊವನ್ನು ಆತ ಎಲ್ಲರಿಗೂ ತೋರಿಸುತ್ತಿದ್ದ.

“ಕರದ್ರ ಬರ್ತಾಳೋ ಮಾರಾಯ,” ಎಂದ. “ಯಾರ ಮನ್ಯಾಕಿನೋ ಏನೋ.”

ಹೀಗೆ ಭೇಟಿಯಾಗುವುದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಇಬ್ಬರು ವಯಸ್ಕರು ಒಪ್ಪಿ ಒಂದು ಸಂಜೆ ಕಳೆದರೆ ಅವರು ನನ್ನ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ನನ್ನ ಮೈ ಉರಿದದ್ದು ಬೇರೆ ಕಾರಣಕ್ಕೆ. ಆ ಸಂಜೆಯಲ್ಲಿ ಇಬ್ಬರಿದ್ದರು, ಚಹಾದ ಅಂಗಡಿಯ ಮೇಜಿನ ಮೇಲೆ ಒಬ್ಬಳೇ ಉಳಿದಿದ್ದಳು. ಅವಳು ಯಾರ ಮನೆಯವಳೆಂದು ಕೇಳಿದ ಮನುಷ್ಯನನ್ನು ‘ನೀನು ಯಾರ ಮನೆಯವನಪ್ಪಾ’ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಯಾರೂ ಕೇಳದ ಆ ಪ್ರಶ್ನೆಯಿಂದ ಹಾಡು ಹುಟ್ಟಿತು.

ಸವಾಲಿನಲ್ಲಿ ಆ ಮನುಷ್ಯನ ಬಾಯನ್ನೇ ಇಟ್ಟೆ.

‘ಬಣ್ಣದ ಫೋಟೊ ನೋಡಿ ಕರದೆ, ಬೆರಳು ಎಳದು ಹೂಂ ಅಂದಿ
ಹೇಳಿದ ಹೊತ್ತಿಗೆ ಬಂದು ನಿಂತಿ, ಹೆಸರು ಕೇಳಿದ್ರ ನಾಚಿದಿ
ಕರದ್ರ ಬರಾಕಿ, ನಿಮ್ಮ ಊರು ಯಾವೂರು
ಬಂದು ಹೋಗಾಕಿ, ನಿಮ್ಮ ಮನಿ ಯಾರ ಮನಿ’

ಇದು ಕೊಂಕು. ಕೊಂಕಾಗಿಯೇ ಬರೆದದ್ದು. ಕೇಳಿದವರ ಕಾಲು ತಾಳ ಹಾಕುವಂತೆಯೂ ಬರೆದೆ, ಏಕೆಂದರೆ ತಾಳ ಹಾಕಿದ ಕಾಲೇ ಆಮೇಲೆ ನಾಚಿ ನಿಲ್ಲಬೇಕು. ಜವಾಬು ಹೀಗಿತ್ತು:

‘ಹೌದು ಬಂದೀನಿ, ನಾ ಬಂದೀನಿ, ನನ್ನ ಕಾಲಿಲೆ ನಾ ಬಂದೀನಿ
ಬಾಗಿಲು ತಗದಾಂವ ನೀನ ಅಲ್ಲೇನು, ದಾರಿ ಕಾದಾಂವ ನೀನ ಅಲ್ಲೇನು
ಹೆಸರು ಕೇಳಿದಿ, ಖರೇನ ಹೇಳೀನಿ, ನಿನ್ನ ಹೆಸರು ದಿನಕ್ಕೊಂದು
ಬೆಳಗಾಗೂದ್ರಾಗ ನಾ ನಿನ್ನ ಮರತೀನಿ, ಚಾದ ಅಂಗಡ್ಯಾಗ ನೀ ನನ್ನ ಮಾರತಿ’

‘ಹೌದು ಬಂದೀನಿ’ ಎಂಬ ಸಾಲು ನನ್ನ ವೃತ್ತಿಯಲ್ಲಿ ನಾನು ಬರೆದ ಉತ್ತಮ ಸಾಲೆಂದು ಈಗಲೂ ನಂಬಿದ್ದೇನೆ. ಆ ಹೆಣ್ಣು ಸುಳ್ಳು ಹೇಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ತಾನು ಬಂದದ್ದನ್ನು ಹೇಳಿ, ಅವನೂ ಬಂದಿದ್ದನೆಂದು ನೆನಪಿಸುತ್ತಾಳೆ.

ಇದನ್ನು ಹಾಡಲು ನಾನು ಉಜ್ಜಿನಿಯ ಹತ್ತಿರದ ಹಳ್ಳಿಯೊಂದರ ರೇಣುಕಾಳನ್ನು ಒಪ್ಪಿಸಿದೆ. ಅವಳು ಅಂಗನವಾಡಿ ಕಾರ್ಯಕರ್ತೆ. ಅವಳ ತವರಿನಲ್ಲಿ ಸಂಬಳದ ಕೆಲಸ ಕಂಡ ಮೊದಲ ಹೆಣ್ಣುಮಗಳು ಅವಳು. ಮದುವೆಗಳಲ್ಲಿ ಸೋಬಾನೆ ಹಾಡಿ ಹೆಸರಾಗಿದ್ದಳು. ಧ್ವನಿಮುದ್ರಣ ಹಗರಿಬೊಮ್ಮನಹಳ್ಳಿಯಲ್ಲಿ. ಸ್ಟುಡಿಯೋದ ಮಾಲೀಕ ಪ್ರಕಾಶನೇ ಸವಾಲಿನ ಭಾಗವನ್ನು ಹಾಡಿದ, ಚೆನ್ನಾಗಿಯೇ ಹಾಡಿದ. ಆತ ಆ ಹಾಡನ್ನು ಯೂಟ್ಯೂಬಿನ ತನ್ನ ಚಾನೆಲ್ಲಿಗೆ ಹಾಕುವವನಿದ್ದ.

ಜವಾಬಿಗೆ ಮುಂಚಿನ ನಗೆಯನ್ನು ವಿವರಿಸಲು ನಾನು ಒದ್ದಾಡಿದೆ. ವ್ಯಂಗ್ಯವೆಂದೆ, ನಿರ್ಭೀತಿಯೆಂದೆ. ರೇಣುಕಾ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, “ಸರ, ನಮ್ಮ ಅಂಗನವಾಡಿ ಹುಡುಗ್ರು ಮೊಟ್ಟಿ ತಿಂದು, ಬಾಯಿ ಒರಸ್ಕೊಂಡು, ‘ನಾ ತಿಂದೇ ಇಲ್ಲ ಟೀಚರ’ ಅಂತಾವಲ್ಲ, ಆಗ ನನಗ ನಗಿ ಬರ್ತೈತಲ್ಲ, ಅದನ್ನ ಕೊಡ್ಲೇನ್ರಿ?” ಎಂದಳು. ಕೊಟ್ಟಳು. ಗಾಜಿನ ಈಚೆ ಕುಳಿತಿದ್ದ ನನಗೆ ನಾನೇ ಮೊಟ್ಟೆ ಕದ್ದು ಸಿಕ್ಕಿಬಿದ್ದಂತಾಯಿತು. ಬಸವಂತಪ್ಪ ಮಾಸ್ತರರು ಬದುಕಿದ್ದರೆ ಪೇಟಿಯ ತಿದಿಯನ್ನು ಒತ್ತುತ್ತಲೇ ಇರುತ್ತಿದ್ದರು.

ಹಾಡು ಹೊರಬಂದದ್ದನ್ನು ನನಗೆ ಯಾರೂ ತಿಳಿಸಲಿಲ್ಲ. ಕೊಟ್ಟೂರಿನ ರಸ್ತೆಯಲ್ಲಿ ಮೆಕ್ಕೆಜೋಳದ ಚೀಲ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನಿಂದ ಅದನ್ನು ಮೊದಲು ಕೇಳಿದೆ. ಗುರುತಿಸಲು ಕೆಲವು ಕ್ಷಣ ಹಿಡಿಯಿತು. ಎದೆ ನಡುಗಿಸುವಂತೆ ಡಿಜೆಯ ಬಡಿತ ಹಾಕಿದ್ದರು. ‘ನಿಮ್ಮ ಮನಿ ಯಾರ ಮನಿ’ ಎಂದು ಪ್ರಕಾಶ ಕೇಳುತ್ತಿದ್ದ, ಅದರ ಬೆನ್ನಿಗೇ ರೇಣುಕಾ ನಗುತ್ತಿದ್ದಳು. ಮತ್ತೆ ಕೇಳುತ್ತಿದ್ದ, ಮತ್ತೆ ನಗುತ್ತಿದ್ದಳು. ಜವಾಬು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ರಸ್ತೆಯ ಬದಿಯಲ್ಲಿ ನಿಂತೆ. ಹಾಡು ಮುಗಿದು, ಮೊದಲಿನಿಂದ ಆರಂಭವಾಯಿತು.

ಜವಾಬನ್ನು ಇಡಿಯಾಗಿ ಕತ್ತರಿಸಿ, ನಗೆಯನ್ನು ಮಾತ್ರ ಉಳಿಸಿಕೊಂಡು, ಪ್ರತಿ ಪಲ್ಲವಿಯ ಕೊನೆಗೂ ಅದನ್ನು ಅಂಟಿಸಿದ್ದರು. ಸುಳ್ಳನ್ನು ಹಿಡಿದ ನಗೆ ಕರೆದರೆ ಬರುತ್ತೇನೆ ಎನ್ನುವ ನಗೆಯಾಗಿತ್ತು. ಒಬ್ಬ ಮನುಷ್ಯನ ಧ್ವನಿಯನ್ನು ಒಂದು ಅಕ್ಷರವೂ ತಿದ್ದದೆ ಅವನಿಂದಲೇ ಸುಳ್ಳು ಹೇಳಿಸಬಹುದೆಂದು ನನಗೆ ಆ ತನಕ ತಿಳಿದಿರಲಿಲ್ಲ. ಈಗಿನ ತಂತ್ರಜ್ಞಾನದ ಬಗ್ಗೆ ನನ್ನನ್ನು ಕೇಳಲು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕ್ಯಾಸೆಟ್ಟಿಗೆ ಎರಡನೆಯ ಮಗ್ಗುಲಿತ್ತು. ನಿಮ್ಮ ಫೋನಿಗೆ ಅದು ಇಲ್ಲ.

ಪ್ರಕಾಶನ ಬಳಿಗೆ ಹೋದೆ. ಆತ ಕುರ್ಚಿ ಹಾಕಿದ, ಚಹಾ ತರಿಸಿದ, ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಸರ, ಈಗಿನ ಮಂದಿಗೆ ಕುಂತು ಕೇಳಾಕ ಟೈಮಿಲ್ರಿ. ಜವಾಬು ಹಾಕಿದ್ರ ನಡುವ ಬಿಟ್ಟು ಹೋಗ್ತಾರ. ನಿಮ್ಮ ಹಾಡು ಹೆಂಗ ಓಡಾಕತ್ತೈತಿ ನೋಡ್ರಿ.”

ರೇಣುಕಾಳ ನಗೆಯನ್ನು ಹಾಗೆ ಬಳಸಲು ಅವಳನ್ನು ಕೇಳಿದ್ದಿರಾ ಎಂದೆ.

“ಅದ್ರಾಗ ಕೆಟ್ಟದ್ದೇನೈತ್ರಿ? ಆಕಿ ನಕ್ಕದ್ದನ್ನ ಹಾಕೀನಿ. ಅತ್ತದ್ದನ್ನೇನು ಹಾಕಿಲ್ಲಲ್ಲ.”

ವಾದ ಬೆಳೆದು, ಕೊನೆಗೆ ಆತ, ಜವಾಬನ್ನು ಬೇರೆ ಹಾಡಾಗಿ ಬಿಡುತ್ತೇನೆ, ಜಗಳವಿದ್ದಷ್ಟೂ ಜನ ನೋಡುತ್ತಾರೆ, ಅದೂ ಓಡುತ್ತದೆ ಎಂದ. ಅವನ ಕಾರಣ ನನಗೆ ಅಸಹ್ಯವೆನಿಸಿತು. ಆದರೂ ಜವಾಬು ಹೊರಬರುತ್ತದಲ್ಲ ಎಂದು ಒಪ್ಪಿ, ಶುಭವಾರ್ತೆ ಹೊತ್ತವನಂತೆ ರೇಣುಕಾಳ ಊರಿಗೆ ಹೋದೆ.

ಅಂಗನವಾಡಿಯ ಒಳಗೆ ಹುಡುಗರು ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಿದ್ದರು. ರೇಣುಕಾ ಹೊರಗಿನ ಕಟ್ಟೆಗೆ ಬಂದು ಕುಳಿತಳು. ಆ ತನಕ ನಾನು ಹಾಡಿಗೆ ಏನಾಯಿತೆಂದು ಮಾತ್ರ ಯೋಚಿಸುತ್ತಿದ್ದೆ. ಅವಳಿಗೆ ಏನಾಯಿತೆಂಬುದನ್ನು ಅವಳು ಆಗ ಹೇಳಿದಳು. ಸ್ಕೂಟಿಯಲ್ಲಿ ಹೋಗುವಾಗ ಹಿಂದಿನಿಂದ ಬೈಕಿನವರು ಫೋನಿನಲ್ಲಿ ಅವಳ ನಗೆಯನ್ನೇ ಹಚ್ಚುತ್ತಿದ್ದರು. ಊರಿನ ಒಬ್ಬಿಬ್ಬರು ಅದನ್ನು ರಿಂಗ್‌ಟೋನ್ ಮಾಡಿಕೊಂಡಿದ್ದರು. ಮಗುವನ್ನು ಬಿಡಲು ಬಂದ ತಾಯಿಯೊಬ್ಬಳು, “ಅಕ್ಕ, ಅದು ನೀವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದಳು. ಮದುವೆಗಳಿಗೆ ಕರೆಯುವವರು ಕಡಿಮೆಯಾಗಿದ್ದರು. ಕರೆದವರೂ ಸೋಬಾನೆ ಮುಗಿದ ಮೇಲೆ, ಟೀಚರಮ್ಮ ಅದನ್ನೊಂದು ಹಾಡಿರಿ ಎನ್ನುತ್ತಿದ್ದರು. ಮನೆಯಲ್ಲಿ ಅವಳು ನಕ್ಕಾಗ ಅವಳ ಗಂಡ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದನಂತೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.

“ಈಗ ನಗೂದ ಬಿಟ್ಟೀನ್ರಿ ಸರ,” ಎಂದಳು.

ಒಳಗಿನಿಂದ ಒಬ್ಬ ಹುಡುಗ ಬಾಗಿಲಿಗೆ ಬಂದು, ಬಾಯಿಯ ಸುತ್ತ ಮೊಟ್ಟೆಯ ಹಳದಿ ಅಂಟಿಸಿಕೊಂಡು, ತನಗೆ ಇವತ್ತು ಮೊಟ್ಟೆಯನ್ನೇ ಕೊಟ್ಟಿಲ್ಲವೆಂದು ದೂರಿದ. ರೇಣುಕಾ ಅವನ ಬಾಯನ್ನು ಸೆರಗಿನಿಂದ ಒರಸಿ ಒಳಗೆ ಕಳಿಸಿದಳು. ಅವನು ತಿರುಗಿ ತಿರುಗಿ ಅವಳ ಮುಖ ನೋಡುತ್ತ ಹೋದ.

ಜವಾಬು ಬಿಡುಗಡೆಯಾಗುತ್ತದೆ, ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಿದೆ.

“ಏನು ಸರಿಹೋಗ್ತೈತ್ರಿ? ಅದು ಶುರು ಆಗೋದ ‘ಹೌದು ಬಂದೀನಿ’ ಅಂತ. ಇಷ್ಟು ದಿನ ಮಂದಿ ಅಂತಿದ್ರು, ಈಗ ನಾನ ಅಂದಂಗಾತು.”

ಅದು ಹಾಡಿನ ಪಾತ್ರದ ಮಾತು, ಅವಳ ಮಾತಲ್ಲ ಎಂದು ನಾನು ಕ್ರಮವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಪಾತ್ರ ಅನ್ನೋದು ನಿಮಗ ಗೊತ್ತು, ನನಗ ಗೊತ್ತು. ಬೈಕಿನ್ಯಾಗ ಬರೋರಿಗೆ ಗೊತ್ತೈತೇನ್ರಿ? ಆ ಸಾಲು ಭಾಳ ಚಂದ ಐತಿ ಸರ, ಸುಳ್ಳು ಹೇಳಂಗಿಲ್ಲ. ಆದ್ರ ನೀವು ಅದನ್ನ ಕಾಗದದ ಮ್ಯಾಲ ಇಟ್ಟು ಮನಿಗೆ ಹೋಗ್ತೀರಿ. ನಾನು ಬಾಯಾಗ ಇಟ್ಕೊಂಡು ಊರಾಗ ಅಡ್ಯಾಡಬೇಕು. ನನಗ ಜವಾಬು ಬ್ಯಾಡ. ನನ್ನ ನಗಿ ತಗಸಿಕೊಡ್ರಿ, ಅಷ್ಟ ಸಾಕು.”

ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು ಎಂದರೆ ಓದುವವರು ನನ್ನನ್ನು ಅರ್ಥಮಾಡಿಕೊಳ್ಳಬೇಕು. ವೃತ್ತಿಯ ಉತ್ತಮ ಸಾಲು ಅದು. ಅದು ಹೊರಬರುವ ಬಾಗಿಲು ತೆರೆದಿತ್ತು, ಅವಳು ಮುಚ್ಚು ಎನ್ನುತ್ತಿದ್ದಳು. ಮನೆಗೆ ಬಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಲವೂ ಮಾಸ್ತರರು ತಿದಿಯನ್ನು ಒತ್ತುವುದನ್ನು ನಿಲ್ಲಿಸಿದಂತೆ ಅನ್ನಿಸಿತು. ಬಾಯಿ ಅವಳದು. ಹಾಡು ಎಲ್ಲಿರಬೇಕೆಂದು ಮಾಸ್ತರರು ಹೇಳಿದ್ದರು.

ಮತ್ತೆ ಪ್ರಕಾಶನ ಬಳಿಗೆ ಹೋಗಿ, ಜವಾಬು ಬೇಡ, ನಗೆಯನ್ನು ತೆಗೆ ಎಂದೆ. ನಗೆ ತೆಗೆದರೆ ಹಾಡಿನಲ್ಲಿ ಏನೂ ಉಳಿಯುವುದಿಲ್ಲ ಎಂದ. ಅದು ಅವನ ಬಾಯಿಂದ ಬಂದ ಒಂದೇ ಸತ್ಯ. ಹಾಗಾದರೆ ಇಡೀ ಹಾಡನ್ನೇ ತೆಗೆ ಎಂದೆ. ಸಾಹಿತ್ಯ ನನ್ನದು, ಅದನ್ನು ಕತ್ತರಿಸಿ ಹಾಕಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ತೆಗೆಯದಿದ್ದರೆ ಯೂಟ್ಯೂಬಿನವರಿಗೆ ದೂರು ಕೊಡುತ್ತೇನೆ, ಆಮೇಲೆ ನಿನ್ನ ಚಾನೆಲ್ಲಿನ ಮಿಕ್ಕ ಹಾಡುಗಳಿಗೂ ತೊಂದರೆ ಎಂದೆ. ಇಷ್ಟನ್ನು ನಾನು ಕುಳಿತಲ್ಲಿಂದ ಏಳದೆ, ‘ನೀವು’ ಎಂದು ಕರೆಯುತ್ತಿದ್ದವನನ್ನು ಮೊದಲ ಬಾರಿಗೆ ‘ನೀನು’ ಎಂದು ಕರೆದು ಹೇಳಿದೆ.

“ಹಾಡು ಹ್ವಾದ್ರ ನಿಮ್ಮ ಹೆಸರೂ ಹೋಗ್ತೈತಿ ಸರ,” ಎಂದ. “ಈ ಕಡೆ ನಾಕು ಮಂದಿ ನಿಮ್ಮನ್ನ ಗುರುತು ಹಿಡಿಯೋದ ಇದ್ರಿಂದ.”

ಹೋಗಲಿ ಎಂದೆ. ತೆಗೆದ. ಆ ದಿನದಿಂದ ನಾನು ಸ್ಟುಡಿಯೋಗಳಿಗೆ ಬರೆಯುವುದನ್ನು ನಿಲ್ಲಿಸಿದೆ. ನನ್ನ ನಿವೃತ್ತಿ ಅದು. ಹಾರ, ಶಾಲು ಇರಲಿಲ್ಲ.

ತೆಗೆದರೂ ಅದು ಹೋಗಿಲ್ಲ. ಇಳಿಸಿಕೊಂಡವರ ಫೋನುಗಳಲ್ಲಿದೆ, ಟ್ರ್ಯಾಕ್ಟರುಗಳಲ್ಲಿದೆ, ಯಾರು ಯಾರೋ ಮತ್ತೆ ಮತ್ತೆ ಏರಿಸುತ್ತಾರೆ. ನನ್ನ ಬಳಿ ಕಲಿಯಲು ಬಂದವರೂ ಅದನ್ನು ಹಾಡುತ್ತಲೇ ಬರುತ್ತಾರೆ. ನನ್ನ ಸಿಟ್ಟು ಹಳೆಯದಾಗದಿರುವುದಕ್ಕೆ ಇದೇ ಕಾರಣ.

ಕೆಲವು ತಿಂಗಳ ಮೇಲೆ ರೇಣುಕಾ ತಾನಾಗಿ ನಮ್ಮ ಮನೆಗೆ ಬಂದಳು. ಅವಳ ಅಕ್ಕನ ಮಗಳ ಮದುವೆ ಮಾಗಳದಲ್ಲಿತ್ತು. ನಮ್ಮ ಕಡೆ ಅರಿಶಿನದ ದಿನ ಬೀಗರ ಹಾಡಿನ ಪದ್ಧತಿ ಇದೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಗೇಲಿ ಮಾಡುತ್ತಾರೆ. ಒಬ್ಬಳು ಸಾಲನ್ನು ಹೇಳಿಕೊಡುತ್ತಾಳೆ, ನೆರೆದವರೆಲ್ಲ ಅದನ್ನು ತಿರುಗಿ ಹಾಡುತ್ತಾರೆ. ಯಾರೂ ಸಿಟ್ಟಾಗುವಂತಿಲ್ಲ.

“ಸರ, ಜವಾಬು ಇಟ್ಟೀರೋ, ಹರದು ಒಗದೀರೋ?” ಎಂದಳು.

ಇಟ್ಟಿದ್ದೇನೆ ಎಂದೆ.

“ಒಬ್ಬಾಕಿ ಬಾಯಾಗ ಇಟ್ರ ಅದು ಆಕಿ ಕತಿ ಆಗ್ತೈತ್ರಿ. ಮನಿ ತುಂಬ ಹೆಂಗಸ್ರ ಬಾಯಾಗ ಇಡ್ರಿ, ಯಾರದಂತಾರ ನೋಡೋಣು. ಸಾಲು ಉದ್ದ ಅದಾವು. ಹೊಳ್ಳಿ ಅನ್ನಾಕ ಬರಂಗ ಸಣ್ಣು ಮಾಡ್ರಿ.”

ನಿವೃತ್ತಿಯ ನಂತರ ನಾನು ಬರೆದ ಹಾಡು ಅದೊಂದೇ. ಸಾಲುಗಳನ್ನು ಮುರಿದೆ. ಒಂದು ಉಸಿರಿಗೆ ಒಂದು ಮಾತು. ಬಂದೀನಿ ಎಂದಷ್ಟು ಒಂದು ಸಾಲು. ಬಾಗಿಲು ತಗದಾಂವ ಯಾರು ಎಂದಷ್ಟು ಇನ್ನೊಂದು. ಹಾಡಿನ ಕೊನೆಗೆ ಕವಿ ತನ್ನ ಊರು ಹೆಸರು ಹಾಕುವ ಸಂಪ್ರದಾಯವಿದೆ. ಹಾಕಲಿಲ್ಲ.

ಮಾಗಳದ ಆ ಮನೆಯ ಹೊರಗೆ, ಬೇವಿನ ಮರದ ಕೆಳಗೆ, ನಾವು ಗಂಡಸರು ಅಡುಗೆಗೆ ಬದನೆಕಾಯಿ ಹೆಚ್ಚುತ್ತಿದ್ದೆವು. ಒಳಗೆ ಹೋಗುವ ಹೆಂಗಸರ ಫೋನುಗಳನ್ನೆಲ್ಲ ಮದುಮಗಳ ಅಜ್ಜಿ ಬಾಗಿಲಲ್ಲೇ ಮೊರದಲ್ಲಿ ಇಸಿದುಕೊಂಡು, ಆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು. ಗಂಡಿನ ಕಡೆಯ ತರುಣರು ಪೆಂಡಾಲಿನಲ್ಲಿದ್ದರು. ಬೆಳಿಗ್ಗೆ ಅವರು ಸ್ಪೀಕರಿನಲ್ಲಿ ಯಾವ ಹಾಡಿಗೆ ಕುಣಿದಿದ್ದರೆಂದು ನಾನು ಹೇಳಬೇಕಾಗಿಲ್ಲ.

ಒಳಗಿನಿಂದ ಒಂದು ದನಿ ಕೇಳಿತು, “ಹೌದು ಬಂದೀನಿ.”

ಮನೆ ತುಂಬ ಹೆಂಗಸರು ಅದನ್ನು ತಿರುಗಿ ಹೇಳಿದರು. ಮುದುಕಿಯರ ದನಿ ಇತ್ತು, ಹುಡುಗಿಯರ ದನಿ ಇತ್ತು, ಹೊಸ್ತಿಲ ಮೇಲಿನ ಅಜ್ಜಿಯ ದನಿಯೂ ಇತ್ತು. ಬಾಗಿಲು ತಗದಾಂವ ಯಾರು ಎಂದು ಕೇಳಿದರು. ದಾರಿ ಕಾದಾಂವ ಯಾರು ಎಂದು ಕೇಳಿದರು. ಪೆಂಡಾಲಿನ ತರುಣರು ಮೊದಲು ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಕಿರಿದರು. ಚಹಾದ ಅಂಗಡಿಯ ಸಾಲು ಬರುವ ಹೊತ್ತಿಗೆ ಅವರಲ್ಲೊಬ್ಬ ಎದ್ದು, ಏನೋ ಕೆಲಸವಿದ್ದಂತೆ, ರಸ್ತೆಯ ಕಡೆಗೆ ಹೋದ.

ಮಾಗಳದ ಆ ಹಾಡು ಯಾವ ಫೋನಿನಲ್ಲೂ ಇಲ್ಲ. ಕಲಿಯಲು ಬರುವವರು ಅದನ್ನು ನನ್ನಿಂದ ಕೇಳಬೇಡಿ, ನಾನು ಕೊಡುವುದಿಲ್ಲ.

ಕೊನೆಯ ಸಾಲು ಮುಗಿದ ಮೇಲೆ ಒಳಗೆ ನಗೆ ಎದ್ದಿತು. ನಾನು ಈಳಿಗೆಯನ್ನು ಬದಿಗಿಟ್ಟು, ಅದರಲ್ಲಿ ರೇಣುಕಾಳ ನಗೆ ಯಾವುದೆಂದು ಕಿವಿಗೊಟ್ಟು ಕೇಳಿದೆ. ಎಷ್ಟು ಕೇಳಿದರೂ ಗುರುತು ಸಿಗಲಿಲ್ಲ.